ರೇಣುಕಾಳ ಏಳು ಸೆಕೆಂಡು

ಕಳೆದ ವಾರ ಮೊಣಕಾಲು ತೋರಿಸಲು ನೆಹರು ನಗರದ ಆಸ್ಪತ್ರೆಗೆ ಹೋಗಿದ್ದೆ. ವ್ಯಾಯಾಮ ಮಾಡಿಸುವ ಕೋಣೆಯ ನೆಲಕ್ಕೆ ಹೊಸದಾಗಿ ಕಪ್ಪು ರಬ್ಬರ್ ಹಾಸಿದ್ದರು. ಬಾಗಿಲು ತೆರೆದ ಕೂಡಲೇ ಅದರ ವಾಸನೆ ಮೂಗಿಗೆ ಅಡರಿತು. ನನ್ನ ಹಿಂದಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಏನ್ ನಾತರೀ ಇದು, ಟೈರ್ ಅಂಗಡಿ ಹೊಕ್ಕಂಗ ಆತು" ಅಂದಳು. ನಾನು ಮಾತ್ರ ಅಲ್ಲೇ ನಿಂತು ಉದ್ದಕ್ಕೆ ಉಸಿರೆಳೆದುಕೊಂಡೆ. ಆ ವಾಸನೆಯಲ್ಲಿ ನನಗೆ ಎರಡು ವರ್ಷದ ಹಿಂದಿನ ಮಳೆಗಾಲವಿದೆ, ಹಿಂದವಾಡಿಯ ಒಂದು ಜಿಮ್ ಇದೆ, ಖಾನಾಪುರದ ಕುಂಬಾರರ ರೇಣುಕಾ ಇದ್ದಾಳೆ. ನಾನು ಮಾಡಿದ ಎರಡು ತಪ್ಪುಗಳೂ ಇವೆ.

ನಾನು ಹತ್ತೊಂಬತ್ತು ವರ್ಷ ಖಾನಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ದಿನಾ ಹಿಂದವಾಡಿಯಿಂದ ಹೋಗಿ ಬರುತ್ತಿದ್ದೆ. ಅಲ್ಲಿಯ ಮಕ್ಕಳಿಗೆಲ್ಲ ನಾನು 'ಅಕ್ಕಾರು'. ಬೆಳಗಿನ ಹೊತ್ತು ಓಡುವ ಹುಚ್ಚಿತ್ತು. ಮೊಣಕಾಲಿನ ನರ ಹರಿದ ಮೇಲೆ ಅದು ನಿಂತಿತು, ನೌಕರಿಯನ್ನೂ ಬಿಟ್ಟೆ. ಆದರೆ ಲೆಕ್ಕ ಬಿಡಲಿಲ್ಲ. ಲೆಕ್ಕ ತಪ್ಪಿದರೆ ನನಗೆ ಸಿಟ್ಟು ಬರುತ್ತದೆ. ತಪ್ಪು ನನ್ನದೇ ಆಗಿದ್ದರೆ ಇನ್ನೂ ಹೆಚ್ಚು ಬರುತ್ತದೆ, ಅದನ್ನು ಎದುರಿಗಿದ್ದವರ ಮೇಲೆ ತೀರಿಸಿಕೊಳ್ಳುವ ಕೆಟ್ಟ ಚಟವೂ ಇದೆ. ಮನೆಯವರು ಇದಕ್ಕೆ ಹೆದರಿ ಹಾಲಿನವನ ಲೆಕ್ಕವನ್ನು ಕೂಡ ನನ್ನ ಮುಂದೆ ಎತ್ತುವುದಿಲ್ಲ.

ರೇಣುಕಾ ನನ್ನ ವಿದ್ಯಾರ್ಥಿನಿ. ಗಣಿತದಲ್ಲಿ ಮೂವತ್ತೈದು ದಾಟಿದ್ದು ನನಗೆ ನೆನಪಿಲ್ಲ. ಆದರೆ ಸಾಲಿಯ ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡಿ ಗಂಡುಮಕ್ಕಳ ಬಾಯಿ ಮುಚ್ಚಿಸಿದವಳು. ಪೊಲೀಸ್ ಭರ್ತಿಗೆ ಎರಡು ಸಲ ಹೋಗಿ, ಎರಡೂ ಸಲ ಎತ್ತರದಲ್ಲಿ ಬೆರಳಷ್ಟು ಕಡಿಮೆಯಾಗಿ ವಾಪಸಾಗಿದ್ದಳು. ಆಮೇಲೆ ಹಿಂದವಾಡಿಯ ಜಿಮ್ಮಿನಲ್ಲಿ ಹೆಣ್ಣುಮಕ್ಕಳ ಬ್ಯಾಚಿಗೆ ಸಹಾಯಕಿಯಾಗಿ ಸೇರಿದ್ದಳು. ಖಾನಾಪುರದಿಂದ ಮೊದಲ ಬಸ್ಸಿಗೆ ಬರುವುದು, ತೂಕದ ಸಾಮಾನು ಜೋಡಿಸುವುದು, ನೆಲ ಒರೆಸುವುದು. ಆ ಬ್ಯಾಚಿಗೆ ಕಲಿಸುತ್ತಿದ್ದ ಹುಡುಗಿ ಮದುವೆಯಾಗಿ ಸಾಂಗಲಿಗೆ ಹೊರಟಳು, ಜಾಗ ಖಾಲಿ ಬಿತ್ತು.

ಜಿಮ್ಮಿನ ಮಾಲೀಕರಾದ ಪಾಟೀಲ ಸರ್ ಕೆಟ್ಟವರಲ್ಲ, ಆದರೆ ಕಾಗದದ ಮನುಷ್ಯ. ರೇಣುಕಾಳ ಪರವಾಗಿ ನಾನೇ ಹೋಗಿ ಕೇಳಿದೆ.

"ಹುಡಿಗಿ ಛಲೋ ಅದಾಳ್ರಿ ಮೇಡಮ್. ಆದ್ರ ಇಕಿ ಕಡೆ ಸರ್ಟಿಫಿಕೇಟ್ ಇಲ್ಲ. ನಾಳೆ ಯಾರರ ಕೇಳಿದ್ರ ನಾ ಏನ್ ತೋರಸ್ಲಿ? ಪುಣೆದಾಗ ಆ ಫಿಟ್ನೆಸ್ ರೇಸ್ ಆಗ್ತೈತಲ್ಲ, ಅದರಾಗ ಒಂದು ತಾಸು ಇಪ್ಪತ್ತು ನಿಮಿಷದ ಒಳಗ ಬಂದ ಕಾಗದ ತರ್ಲಿ. ಬ್ಯಾಚ್ ಅಕಿದು. ವರ್ಷದ ಕೊನಿತನಕ ಕಾಯ್ತೀನಿ."

ಆ ರೇಸ್ ಏನೆಂದು ಹೇಳಿಬಿಡುತ್ತೇನೆ. ಒಂದು ಕಿಲೋಮೀಟರ್ ಓಡಬೇಕು, ಒಂದು ಕೆಲಸ ಮಾಡಬೇಕು. ಹೀಗೆ ಎಂಟು ಸಲ. ಭಾರ ಹೇರಿದ ಗಾಡಿ ತಳ್ಳುವುದು, ಹಗ್ಗ ಹಿಡಿದು ಅದನ್ನೇ ಎಳೆಯುವುದು, ಎರಡು ಕೈಯಲ್ಲಿ ತೂಕ ಹಿಡಿದು ನಡೆಯುವುದು, ಮರಳಿನ ಚೀಲ ಹೊತ್ತು ಮಂಡಿಯೂರುತ್ತ ಸಾಗುವುದು, ಕೊನೆಗೆ ಭಾರದ ಚೆಂಡನ್ನು ಗೋಡೆಯ ಗುರುತಿಗೆ ಎಸೆಯುವುದು, ಇಂಥವು. ರೇಣುಕಾ ಮೇ ತಿಂಗಳಲ್ಲಿ ಒಮ್ಮೆ ಹೋಗಿ ಬಂದಿದ್ದಳು. ಒಂದು ತಾಸು ಇಪ್ಪತ್ತಾರು ನಿಮಿಷ ತೆಗೆದುಕೊಂಡಿದ್ದಳು. ಮುಂದಿನ ರೇಸ್ ನವೆಂಬರ್ ಕೊನೆಗೆ. ಆರು ನಿಮಿಷ ಇಳಿಸಬೇಕಿತ್ತು.

ಜೂನ್ ಮೊದಲ ವಾರ ಆ ಫಲಿತಾಂಶದ ಕಾಗದ ಹಿಡಿದುಕೊಂಡು ನನ್ನ ಮನೆಗೆ ಬಂದಳು. ಕುರ್ಚಿ ತೋರಿಸಿದರೂ ನೆಲದ ಮೇಲೆಯೇ ಕೂತಳು.

"ಹೆಂಚಿನ ಭಟ್ಟಿ ಕೆಲಸಕ್ಕ ಹೋಗಾಕ ನನಗ ನಾಚಿಕಿಲ್ರಿ ಅಕ್ಕಾರ. ಹುಟ್ಟಿದಾಗಿಂದ ಮಾಡೇನಿ. ಆದ್ರ ನನಗ ನಿಮ್ಮಂಗ ನಾಕ್ ಮಂದಿ ಮುಂದ ನಿಂತು ಕಲಸಬೇಕು ಅನಸ್ತೈತಿ."

ಆ ಮಾತಿಗೆ ನಾನು ಸೋತೆ. ಚೌಕುಳಿ ಹಾಳೆಯ ಹೊಸ ನೋಟಬುಕ್ ತೆಗೆದು ಎರಡು ಅಂಕಣ ಹಾಕಿದೆ: ಓಟ, ಕೆಲಸ. ಕಾಗದದಲ್ಲಿದ್ದ ಅಂಕಿಗಳನ್ನೆಲ್ಲ ಇಳಿಸಿಕೊಂಡೆ. ಎಂಟು ಕೆಲಸಕ್ಕೆ ಮೂವತ್ತಾರು ನಿಮಿಷ. ಅದು ಒಳ್ಳೆಯದೇ ಇತ್ತು, ತೂಕ ಎತ್ತುವುದರಲ್ಲಿ ಇವಳನ್ನು ಹಿಂದೆ ಹಾಕುವವರು ಕಡಿಮೆ. ಓಟಕ್ಕೆ ಐವತ್ತು ನಿಮಿಷ. ಅಂದರೆ ಒಂದು ಕಿಲೋಮೀಟರಿಗೆ ಆರು ನಿಮಿಷ ಹದಿನೈದು ಸೆಕೆಂಡು. ಬರೀ ರಸ್ತೆಯಲ್ಲಿ ಓಡಿಸಿ ನೋಡಿದರೆ ಐದು ನಿಮಿಷ ಇಪ್ಪತ್ತು ಸೆಕೆಂಡಿಗೆ ಮುಗಿಸುತ್ತಿದ್ದಳು. ನಾನು ಕೆಂಪು ಪೆನ್ನಿನಲ್ಲಿ ಓಟದ ಅಂಕಣಕ್ಕೆ ಸುತ್ತು ಹಾಕಿ, "ನಿನಗ ದಮ್ಮು ಸಾಲೂದಿಲ್ಲ. ಭಾರ ಎತ್ತಿದ ಮ್ಯಾಲೆ ಓಟ ಸೊರಗತೈತಿ" ಎಂದು ತೀರ್ಪು ಕೊಟ್ಟೆ. ಅವಳು ಹೂಂಗುಟ್ಟಿದಳು. ಅಕ್ಕಾರು ಹೇಳಿದ ಮೇಲೆ ಮುಗಿಯಿತು.

ಮಳೆಗಾಲದಲ್ಲಿ ಕುಂಬಾರರಿಗೆ ಕೆಲಸ ಕಡಿಮೆ. ಹಸಿ ಹೆಂಚು, ಹೂವಿನ ಕುಂಡ ಒಣಗುವುದಿಲ್ಲ, ಭಟ್ಟಿ ಹಚ್ಚುವುದಿಲ್ಲ. ಆದ್ದರಿಂದ ಅವಳಿಗೆ ಸಂಜೆ ಬಿಡುವಿರುತ್ತಿತ್ತು. ವಾರಕ್ಕೆ ಮೂರು ದಿನ ನಾನು ಸ್ಕೂಟಿ ತೆಗೆದುಕೊಂಡು ಖಾನಾಪುರಕ್ಕೆ ಹೊರಡುತ್ತಿದ್ದೆ. ಆ ವರ್ಷದ ಮಳೆ ಹಿಡಿದರೆ ಬಿಡುವ ಜಾತಿಯದಲ್ಲ. ಮಲಪ್ರಭೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಊರ ಹೊರಗಿನ ರಸ್ತೆಯಲ್ಲಿ ರೇಣುಕಾ ಮುಂದೆ, ರೇನ್‌ಕೋಟ್ ತೊಟ್ಟ ನಾನು ಸ್ಕೂಟಿಯ ಮೇಲೆ ಹಿಂದೆ, ಕೊರಳಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸ್ಟಾಪ್‌ವಾಚ್. ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರು ಮರಾಠಿಯಲ್ಲಿ ಏನೋ ಅಂದು ನಗುತ್ತಿದ್ದರು.

ಒಂದು ವಿಷಯ ಮಾತ್ರ ನನ್ನ ತಲೆ ಕೆಡಿಸುತ್ತಿತ್ತು. ನಾನು ಹಿಂದಿನಿಂದ "ರೇಣುಕಾ" ಅಂದರೆ ಸಾಕು, ಓಡುತ್ತಿದ್ದವಳು ಗಕ್ಕನೆ ನಿಂತು, ಪೂರ್ತಿ ತಿರುಗಿ, "ಏನ್ರಿ ಅಕ್ಕಾರ?" ಅನ್ನುತ್ತಿದ್ದಳು.

"ಏ ಹುಚ್ಚಿ, ನಿಂದ್ರಬ್ಯಾಡ! ಓಡಕೋತನ ಕೇಳು!"

"ಹೂನ್ರಿ" ಅಂದು ಮತ್ತೆ ಓಡುವಳು. ಮುಂದಿನ ಸಲ ಕರೆದರೆ ಮತ್ತೆ ಅದೇ. ಕೊನೆಗೆ ನಾನೇ ಕರೆಯುವುದನ್ನು ಬಿಟ್ಟು ಹಾರ್ನ್ ಹೊಡೆಯತೊಡಗಿದೆ. ಒಮ್ಮೆ ಹೊಡೆದರೆ ಜೋರು, ಎರಡು ಹೊಡೆದರೆ ನಿಧಾನ.

ಗಣಪತಿ ಹಬ್ಬದ ಹೊತ್ತಿಗೆ ಅವಳ ಕಿಲೋಮೀಟರು ಐದು ನಿಮಿಷ ಐದು ಸೆಕೆಂಡಿಗೆ ಇಳಿಯಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಅವಳ ಕಣಕಾಲು ಬಾತಿದ್ದನ್ನು ಮಾತ್ರ ಅವಳೂ ಹೇಳಲಿಲ್ಲ, ನಾನೂ ನೋಡಲಿಲ್ಲ.

ಸೆಪ್ಟೆಂಬರ್ ಕೊನೆಯ ಭಾನುವಾರ ಜಿಮ್ಮಿನಲ್ಲೇ ಪೂರ್ತಿ ರೇಸಿನ ತಾಲೀಮು ಇಟ್ಟುಕೊಂಡೆವು. ಓಟ ಹೊರಗೆ, ಬೀದಿ ಸುತ್ತಿ ಬರುವುದು. ಕೆಲಸ ಒಳಗೆ, ಅಲ್ಲಿ ಆಗಷ್ಟೇ ಹೊಸದಾಗಿ ಹಾಸಿದ್ದ ಕಪ್ಪು ರಬ್ಬರಿನ ಮೇಲೆ. ನಾನು ಮೊಬೈಲನ್ನು ಒಂದು ಕಡೆ ನಿಲ್ಲಿಸಿ ಎಲ್ಲದರ ವಿಡಿಯೊ ಮಾಡಿಕೊಂಡೆ. ಎಂಬತ್ತೊಂದು ನಿಮಿಷ ಬರಬೇಕೆಂದು ಲೆಕ್ಕ ಹಾಕಿದ್ದೆ. ಬಂದದ್ದು ಎಂಬತ್ನಾಲ್ಕು, ಮೇ ತಿಂಗಳಲ್ಲಿ ಎಂಬತ್ತಾರಿತ್ತು.

ನಾಲ್ಕು ತಿಂಗಳ ಮಳೆ, ಕೆಸರು, ಪೆಟ್ರೋಲು. ಸಿಕ್ಕಿದ್ದು ಎರಡೇ ನಿಮಿಷ. ನನಗೆ ಸಿಟ್ಟು ನೆತ್ತಿಗೇರಿತು. "ಮನಸ್ಸಿಟ್ಟು ಓಡಲಿಲ್ಲ ನೀ" ಎಂದು ಎಲ್ಲರೆದುರು ಅಂದುಬಿಟ್ಟೆ. ರೇಣುಕಾ ತಲೆತಗ್ಗಿಸಿ ಬೂಟು ಬಿಚ್ಚಿದಳು. ಆಗಲೇ ನಾನು ಆ ಬಾತಿದ ಕಾಲು ನೋಡಿದ್ದು. ಆ ದಿನದ ನನ್ನ ಮಾತಿಗೆ ಇವತ್ತಿಗೂ ನಾಚಿಕೆಯಿದೆ.

ಮನೆಗೆ ಬಂದು, ಊಟ ಬಿಟ್ಟು, ಆ ವಿಡಿಯೊ ಹಾಕಿಕೊಂಡು ಕೂತೆ. ನನ್ನ ತವರು ವಡಗಾವಿ. ಅಪ್ಪ ನೇಕಾರ. ನೇಯ್ದ ಸೀರೆಯಲ್ಲಿ ದೋಷ ಬಂದರೆ ನಾವೆಲ್ಲ ನಡುಮೈ ನೋಡುತ್ತಿದ್ದೆವು, ಅವನು, "ನಡುವ ಏನ್ ನೋಡ್ತೀರಿ? ಲಾಳಿ ಹೊಳ್ಳೂ ಕಡೆ ನೋಡ್ರಿ, ಅಂಚಿನಾಗ" ಅನ್ನುತ್ತಿದ್ದ. ಅವನ ಮಾತು ನೆನಪಾಗಿದ್ದು ನಾಲ್ಕನೆಯ ಸಲ ವಿಡಿಯೊ ನೋಡುವಾಗ. ಓಟವನ್ನೂ ಕೆಲಸವನ್ನೂ ಬಿಟ್ಟು, ಒಂದರಿಂದ ಇನ್ನೊಂದಕ್ಕೆ ಹೊರಳುವ ಹೊತ್ತನ್ನು ಮಾತ್ರ ನೋಡಿದೆ.

ಕಣ್ಣಿಗೆ ರಾಚುವಂತಿತ್ತು. ಎರಡು ಕೈಯ ತೂಕ ಹೊತ್ತು ನಡೆದು ಮುಗಿಸಿದಳಲ್ಲ, ಅವನ್ನು ಹಸುಗೂಸನ್ನು ಮಲಗಿಸಿದಷ್ಟು ಮೆಲ್ಲಗೆ ಇಳಿಸಿದಳು. ಒಂದು ಸೊಟ್ಟಗಿತ್ತು, ಬಗ್ಗಿ ಇನ್ನೊಂದರ ಸಾಲಿಗೆ ತಂದಳು. ಎರಡೂ ಅಂಗೈ ಅಂಗಿಗೆ ಒರೆಸಿಕೊಂಡಳು. ಒಂದು ಹೆಜ್ಜೆ ಹಿಂದೆ ಸರಿದು ನೋಡಿ, ಆಮೇಲೆ ಓಡಿದಳು. ಮರಳಿನ ಚೀಲದ ಮೂಲೆ ತಟ್ಟಿ ಸಮ ಮಾಡಿದಳು. ಹಗ್ಗ ಎಳೆದು ಮುಗಿಸಿದ ಮೇಲೆ, ದೇವರೇ, ಅದನ್ನು ಸುರುಳಿ ಸುತ್ತಿ ಇಟ್ಟಳು! ವಾಚು ಹಿಡಿದು ಒಂದೊಂದನ್ನೇ ಅಳೆದೆ. ಒಂದು ಸಲಕ್ಕೆ ಮುಕ್ಕಾಲು ನಿಮಿಷ. ಎಂಟು ಸಲಕ್ಕೆ ಆರು ನಿಮಿಷ. ಕಾಗದದಲ್ಲಿ ಆ ಆರು ನಿಮಿಷ ಓಟದ ಲೆಕ್ಕದೊಳಗೆ ಸೇರಿಕೊಂಡು ಕೂತಿತ್ತು. ಅವಳ ದಮ್ಮಿಗೆ ಏನೂ ಆಗಿರಲಿಲ್ಲ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ ನಾನು ಆ ಹುಡುಗಿಯನ್ನು ನಾಲ್ಕು ತಿಂಗಳು ಮಳೆಯಲ್ಲಿ ಅಲೆಸಿದ್ದೆ. ಎರಡು ಅಂಕಣಗಳ ನಡುವೆ ಪೆನ್ಸಿಲಿನಿಂದ ಮೂರನೆಯದು ಗೀಚಿ, 'ಇಳಿಸುವುದು' ಎಂದು ಬರೆದೆ.

ಮರುದಿನವೇ ಖಾನಾಪುರಕ್ಕೆ ಹೋದೆ. ಮೊದಲು ತಪ್ಪಾಯಿತು ಅಂದೆ, ಆಮೇಲೆ ವಿಡಿಯೊ ತೋರಿಸಿದೆ. ರೇಣುಕಾಗೆ ಅದರಲ್ಲಿ ತಪ್ಪೇನೆಂದು ತಿಳಿಯಲೇ ಇಲ್ಲ.

"ಇಟ್ಟದ್ದು ನೆಟ್ಟಗ ಇಡಬೇಕಲ್ರಿ?"

ಅವಳಪ್ಪ ಭರಮಪ್ಪ ಅಲ್ಲೇ ಮಣ್ಣು ತುಳಿಯುತ್ತಿದ್ದವನು ಬಂದು ಮೊಬೈಲಿಗೆ ಬಗ್ಗಿದ. ನೋಡಿ ನಕ್ಕುಬಿಟ್ಟ. "ಇದು ನಾ ಕಲಿಸಿದ್ದರಿ ಅಕ್ಕಾರ. ಹಸಿ ಹೆಂಚು ಸೊಟ್ಟ ಇಟ್ರ ಸೊಟ್ಟನ ಒಣಗತೈತಿ, ಮನಿ ಸೋರತೈತಿ. ಸಣ್ಣಾಕಿ ಇದ್ದಾಗ ಇದಕ್ಕ ಬಾಳ ಬಡದೇನಿ. ಕುಂಬಾರಗ ವರ್ಷ, ದೊಣ್ಣಿಗೆ ನಿಮಿಷ ಅಂತಾರಲ್ಲ."

ಎರಡು ವಾರ ಅವಳಿಂದ ಆ ರೂಢಿ ಬಿಡಿಸಲು ಹೆಣಗಾಡಿದೆ. ಬೈದೆ, ಬೇಡಿಕೊಂಡೆ. "ಬಿಸಾಡು ಅದನ್ನ!" ಅಂದರೆ ಕೈ ಎತ್ತುವಳು, ಕೊನೆಯ ಗೇಣಿನಲ್ಲಿ ಕೈ ತಾನಾಗಿ ಮೆತ್ತಗಾಗುವುದು. ಇಪ್ಪತ್ತು ವರ್ಷ ಮಣ್ಣು ಮುಟ್ಟಿದ ಕೈ ನನ್ನ ಬೈಗುಳಕ್ಕೆ ಬಗ್ಗಲಿಲ್ಲ. ಅವಳಿಗೂ ಅಳು ಬರುವಂತಾಗಿತ್ತು.

ಅಷ್ಟರಲ್ಲಿ ಮಳೆ ನಿಂತು ದೀಪಾವಳಿಯ ಪಣತಿ, ಹೆಂಚಿನ ಕೆಲಸ ಶುರುವಾಯಿತು. ನಾನು ಹೋದ ದಿನ ಭಟ್ಟಿ ಬಿಚ್ಚುತ್ತಿದ್ದರು. ಮನೆಮಂದಿಯೆಲ್ಲ ಸಾಲಾಗಿ ನಿಂತು, ಸುಟ್ಟ ಹೆಂಚುಗಳನ್ನು ಎರಡೆರಡೇ ಕೈಯಿಂದ ಕೈಗೆ ಎಸೆಯುತ್ತಿದ್ದರು. ರೇಣುಕಾ ಸಾಲಿನ ನಡುವೆ ನಿಂತು ಹಿಡಿಯುತ್ತಿದ್ದಳು, ನೋಡದೆಯೇ ಮುಂದಕ್ಕೆ ಬಿಡುತ್ತಿದ್ದಳು, ಅಷ್ಟರಲ್ಲಿ ಕೈ ಮುಂದಿನದಕ್ಕೆ ಚಾಚಿರುತ್ತಿತ್ತು. ಒಂದು ಚೂರೂ ತಡವಿಲ್ಲ. ನಾನು ಬಾಯಿ ಬಿಟ್ಟು ನಿಂತೆ. ಭರಮಪ್ಪನಿಗೆ ನನ್ನ ಮುಖ ನೋಡಿಯೇ ಅರ್ಥವಾಯಿತು.

"ಏ ರೇಣವ್ವಾ," ಕೂಗಿದ, "ಆ ಜಿಮ್ಮಿನ ಸಾಮಾನೆಲ್ಲಾ ಸುಟ್ಟ ಮಾಲು ಅಂತ ತಿಳಕೊ. ಹಸಿದಲ್ಲ!"

ರೇಣುಕಾ ಹೆಂಚು ಹಿಡಿದುಕೊಂಡೇ ಒಂದು ಗಳಿಗೆ ನಿಂತಳು. ಹಿಂದಿನಿಂದ ಬಂದ ಹೆಂಚು ಅವಳ ಮೊಣಕೈಗೆ ಬಡಿಯಿತು. "ಖರೇನ ಅಲ್ಲ" ಅಂದಳು.

ನಾನು ಎರಡು ವಾರ ಕೂಗಿ ಆಗದ್ದು ಅಪ್ಪನ ಒಂದು ಮಾತಿಗೆ ಆಯಿತು. ಮರುದಿನ ಜಿಮ್ಮಿನಲ್ಲಿ ಮರಳಿನ ಚೀಲ ಹೆಗಲಿನಿಂದ ಧೊಪ್ಪೆಂದು ಬಿತ್ತು, ಅದು ನೆಲ ಮುಟ್ಟುವ ಮೊದಲೇ ಇವಳು ಬಾಗಿಲಲ್ಲಿದ್ದಳು. ಮುಕ್ಕಾಲು ನಿಮಿಷ ಕಾಲು ನಿಮಿಷಕ್ಕೆ ಬಂತು. ಬಾಯಲ್ಲಿ ಸಣ್ಣಗೆ "ಸುಟ್ಟದ್ದು, ಸುಟ್ಟದ್ದು" ಅಂದುಕೊಳ್ಳುತ್ತಿದ್ದಳು. ಹಗ್ಗ ಸುತ್ತುವುದನ್ನು ಬಿಡಲು ಮಾತ್ರ ಇನ್ನೂ ಒಂದು ವಾರ ಬೇಕಾಯಿತು.

ನವೆಂಬರ್ ಕೊನೆಗೆ ಪುಣೆಗೆ ಇಬ್ಬರೂ ಹೋದೆವು. ದೊಡ್ಡ ಸಭಾಂಗಣ, ಕಿವಿ ಕಿತ್ತುಹೋಗುವಂಥ ಹಾಡು, ಸಾವಿರ ಜನ. ನಾನು ತಡೆಗಂಬಿಗೆ ಒತ್ತಿಕೊಂಡು ಒಂದು ಕೈಯಲ್ಲಿ ವಾಚು, ಇನ್ನೊಂದರಲ್ಲಿ ಮೊಬೈಲು ಹಿಡಿದು ವಿಡಿಯೊ ಮಾಡುತ್ತ ನಿಂತಿದ್ದೆ. ನಾಲ್ಕು ಕೆಲಸ ಮುಗಿದಾಗ ಲೆಕ್ಕಕ್ಕೆ ಸರಿಯಾಗಿದ್ದಳು. ಐದು ಮುಗಿದಾಗ ನಾಲ್ಕು ಸೆಕೆಂಡು ಮುಂದಿದ್ದಳು. ನನಗೆ ಸಂತೋಷ ತಡೆಯಲಾಗಲಿಲ್ಲ. ಅವಳು ನನ್ನ ಮುಂದೆ ಹಾಯುವಾಗ, ಸಾಲಿಯ ಮೈದಾನದಲ್ಲಿ ಕೂಗುತ್ತಿದ್ದ ದನಿಯಲ್ಲೇ, "ರೇಣುಕಾ!" ಎಂದು ಕೂಗಿದೆ.

ನಿಂತಳು. ಪೂರ್ತಿ ತಿರುಗಿದಳು. ತುಟಿ ಆಡಿದ್ದು ಕಂಡಿತು: "ಏನ್ರಿ ಅಕ್ಕಾರ?"

"ಓಡು! ಓಡು!" ಅಂದೆ. ಹಾಡಿನ ಗದ್ದಲದಲ್ಲಿ ಕೇಳಲಿಲ್ಲ. ಕೇಳಲೆಂದು ಎರಡು ಹೆಜ್ಜೆ ಹತ್ತಿರ ಬಂದಳು. ನಾನು ವಾಚು ಹಿಡಿದ ಕೈ ಬೀಸಿ ಅಟ್ಟಿದ ಮೇಲೆ ಓಡಿದಳು.

ಒಂದು ತಾಸು ಇಪ್ಪತ್ತು ನಿಮಿಷ ಏಳು ಸೆಕೆಂಡು.

ವಾಪಸು ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ, "ಕೊನಿ ಚೆಂಡು ಎರಡು ಸಲ ಗುರ್ತಿಗೆ ಮುಟ್ಟಲಿಲ್ರಿ. ಅಲ್ಲೇ ಹೋತು" ಅಂದಳು. ನನ್ನ ಮೊಬೈಲಿನಲ್ಲಿ ಎಲ್ಲ ಇತ್ತು. ನಿಂತದ್ದು, ತಿರುಗಿದ್ದು, ಹತ್ತಿರ ಬಂದದ್ದು, ಹದಿನಾಲ್ಕು ಸೆಕೆಂಡು. ಕೊಲ್ಹಾಪುರ ದಾಟುವವರೆಗೂ ಹೇಳಲು ಧೈರ್ಯವಾಗಲಿಲ್ಲ. ಬೇರೆಯವರ ತಪ್ಪಿಗೆ ಕೆಂಪು ಸುತ್ತು ಹಾಕಲು ನನಗೆ ಒಂದು ಗಳಿಗೆ ಸಾಕಿತ್ತು, ನನ್ನದಕ್ಕೆ ಇನ್ನೂರು ಕಿಲೋಮೀಟರ್ ಬೇಕಾಯಿತು. ನಿಪ್ಪಾಣಿಯಲ್ಲಿ ಚಹಾಕ್ಕೆ ನಿಂತಾಗ ವಿಡಿಯೊ ಹಾಕಿ ಮೊಬೈಲನ್ನು ಅವಳ ಕೈಗೆ ಕೊಟ್ಟೆ.

"ಚೆಂಡಿನಿಂದ ಅಲ್ಲ. ನನ್ನಿಂದ ಹೋತು. ನಾ ಕರಿಬಾರದಿತ್ತು."

ನೋಡಿದಳು. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. "ನೀವು ಕರದ್ರ ನಿಂದ್ರಬೇಕಲ್ರಿ" ಅಂದಳು.

"ಇನ್ನ ಮ್ಯಾಲೆ ನಿಂದ್ರಬ್ಯಾಡ."

"ಅದೊಂದು ಆಗೂದಿಲ್ರಿ ಅಕ್ಕಾರ. ಬ್ಯಾರೆ ಏನರ ಹೇಳ್ರಿ."

ಮರುದಿನ ಇಬ್ಬರೂ ಪಾಟೀಲ ಸರ್ ಮುಂದೆ ನಿಂತೆವು. ಅವರು ಕಾಗದ ನೋಡಿ, "ಏಳು ಸೆಕೆಂಡು ಅಂದ್ರ ಏಳು ಸೆಕೆಂಡು" ಅಂದರು. ನಾನು ನೋಟಬುಕ್ಕನ್ನೂ ಮೊಬೈಲನ್ನೂ ಅವರ ಮೇಜಿನ ಮೇಲಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿದೆ. ನನ್ನ ಜೀವಮಾನದಲ್ಲಿ ಇನ್ನೊಬ್ಬರ ಮೇಜಿನ ಎದುರು ನಿಂತು ನನ್ನ ತಪ್ಪು ಒಪ್ಪಿಕೊಂಡದ್ದು ಅದೇ ಮೊದಲು. ಅವರು ವಿಡಿಯೊವನ್ನು ಎರಡು ಸಲ ನೋಡಿದರು. ಎರಡನೆಯ ಸಲ ನಗು ತಡೆಯಲಾಗದೆ ಕರವಸ್ತ್ರ ತೆಗೆದರು.

"ಆತು. ವರ್ಷ ಇನ್ನೂ ಮುಗದಿಲ್ಲ. ಮುಂದಿನ ತಿಂಗಳ ಇಲ್ಲೇ, ನನ್ನ ಕಣ್ಣಮುಂದ ಮಾಡ್ಲಿ. ವಾಚ್ ನನ್ನ ಕೈಯಾಗ. ಇಪ್ಪತ್ತರ ಒಳಗ ಬಂದ್ರ ನಾನ ಕಾಗದ ಬರದು ಕೊಡ್ತೀನಿ. ಮತ್ತ ಮೇಡಮ್, ಸಿಟ್ಟಾಗಬ್ಯಾಡ್ರಿ, ನೀವು ಒಳಗ ಬರಬ್ಯಾಡ್ರಿ."

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ. ಹಿಂದವಾಡಿಯಲ್ಲಿ ಆ ಹೊತ್ತಿನ ಚಳಿ ಮೂಳೆಗೆ ಇಳಿಯುವಂಥದ್ದು. ನಾನು ಜಿಮ್ಮಿನ ಎದುರು ಮನೆಯ ಕಟ್ಟೆಯ ಮೇಲೆ ಶಾಲು ಹೊದ್ದು ಕೂತೆ. ವಾಚು ತಂದಿರಲಿಲ್ಲ, ಬೇಕೆಂದೇ ಮನೆಯಲ್ಲಿ ಬಿಟ್ಟಿದ್ದೆ. ಒಳಗೆ ಬ್ಯಾಚಿನ ಹೆಂಗಸರೆಲ್ಲ ಬಂದು ನೆರೆದಿದ್ದರು. ತೂಕ ಬಿದ್ದ ಧೊಪ್ಪೆಂಬ ಸದ್ದು ಕೇಳುವುದು, ಬಾಗಿಲಿನಿಂದ ರೇಣುಕಾ ಹೊರಬರುವುದು, ನನ್ನ ಮುಂದಿನಿಂದ ಹಾದು ಬೀದಿಯ ತಿರುವಿನಲ್ಲಿ ಮರೆಯಾಗುವುದು. ನಾನು ಶಾಲಿನ ಅಂಚನ್ನು ಬಾಯಿಗೆ ಒತ್ತಿ ಹಿಡಿದಿದ್ದೆ. ಆರನೆಯ ಸುತ್ತಿನಲ್ಲಿ ಅವಳ ಹೆಜ್ಜೆ ಭಾರವಾದದ್ದು ಕಂಡಿತು. 'ಇನ್ನೊಂದು ಸ್ವಲ್ಪ' ಅನ್ನಬೇಕೆನಿಸಿತು. ಅನ್ನಲಿಲ್ಲ. ಎಂಟು ಸಲ ನನ್ನಿಂದ ನಾಲ್ಕು ಮಾರು ದೂರದಲ್ಲಿ ಹಾದುಹೋದಳು. ಒಂದು ಸಲವೂ ನನ್ನ ಕಡೆ ಕತ್ತು ತಿರುಗಿಸಲಿಲ್ಲ.

ಆಮೇಲೆ ಒಳಗಿನಿಂದ ಹೆಂಗಸರ ಕೂಗು ಕೇಳಿತು. ಖುಷಿಯದೋ, ಛೇ ಅನ್ನುವುದೋ ತಿಳಿಯಲಿಲ್ಲ. ಏಳಲು ಹೋದರೆ ಮೊಣಕಾಲು ಹಿಡಿದುಕೊಂಡಿತ್ತು. ಅಲ್ಲೇ ಕೂತೆ.

ರೇಣುಕಾ ಬೀದಿ ದಾಟಿ ಬಂದಳು. ಮೈಯಿಂದ ಹಬೆ ಏಳುತ್ತಿತ್ತು, ಅಂಗೈ ಅಂಗಿಗೆ ಒರೆಸಿಕೊಳ್ಳುತ್ತಿದ್ದಳು. "ಒಂದು ತಾಸು ಹತ್ತೊಂಬತ್ತು ನಿಮಿಷರಿ" ಅಂದಳು, "ಮ್ಯಾಲೆ ಇಪ್ಪತ್ತೆರಡು ಸೆಕೆಂಡು."

ನಾನು ಅವಳ ಎರಡೂ ಕೈ ಹಿಡಿದುಕೊಂಡೆ. ಅಳು ಬಂತು, ಅದನ್ನು ಮುಚ್ಚಿಡಲು ಹೋಗಲಿಲ್ಲ.

"ಅಕ್ಕಾರ, ನಡುವ ಕರದ್ರೇನ್ರಿ ನೀವು?"

"ಇಲ್ಲವಾ. ಬಾಯಿ ಬಿಡಲಿಲ್ಲ."

ಅವಳು ನನ್ನ ಪಕ್ಕ ಕಟ್ಟೆಯ ಮೇಲೆ ಕೂತಳು. ಬಸ್ಸಿನ ಸೀಟು ಬಿಟ್ಟರೆ, ನನ್ನೆದುರು ನೆಲ ಬಿಟ್ಟು ಮೇಲೆ ಕೂತದ್ದು ಅದೇ ಮೊದಲು. ಬೂಟಿನ ದಾರ ಸಡಿಲಿಸುತ್ತ ಮೆಲ್ಲಗೆ ಅಂದಳು:

"ಕರದಿದ್ರೂ ನಾ ನಿಂದ್ರತಿದ್ದಿಲ್ರಿ."